ನಾಲ್ಕು ಸಿಲಿಂಡರೋ, ಆರೋ?

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು ದೂರ. ಮೆಕ್ಕೆಜೋಳದ ಮೂಟೆಗಳನ್ನು ಹೊತ್ತ ಟಾಟಾ 407 ವಾಹನವೊಂದು ರಸ್ತೆಯ ಬದಿಯಲ್ಲಿ ಎಂಜಿನನ್ನು ನಿಲ್ಲಿಸದೆ ನಿಂತಿರುವಾಗ ಅದರ ಮೈಮೇಲೆ ಕೈಯಿಟ್ಟು ನೋಡಿದರೆ ನಡುಕ ತಿಳಿಯುತ್ತದೆ. ಟಾಟಾ 697 ಎಂಜಿನಿನ ಹಳೆಯ ಲಾರಿಯ ಸದ್ದಾದರೋ ಹೆಚ್ಚು ಗಂಭೀರವಾದುದು, ಏಕನಾದವುಳ್ಳದ್ದು. ಮೊದಲನೆಯದರಲ್ಲಿ ನಾಲ್ಕು ಸಿಲಿಂಡರುಗಳು, ಎರಡನೆಯದರಲ್ಲಿ ಆರು. ಎರಡು ಸಿಲಿಂಡರುಗಳು ಹೆಚ್ಚಾದ ಮಾತ್ರಕ್ಕೆ ಎಂಜಿನಿನ ಸ್ವಭಾವವೇ ಬದಲಾಗುವುದೇಕೆ? ಹಳೆಯ ಕ್ರೀಡಾಕಾರೊಂದನ್ನು ಕೊಳ್ಳಲೋ ದುರಸ್ತು ಮಾಡಲೋ ಹೊರಟವನು ಹಣ ಕೊಡುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯಿದು.

ಕ್ರೀಡಾಕಾರಿನ ಎಂಜಿನು ನಮಗೆ ತೀರ ಅಪರಿಚಿತವಾದುದಲ್ಲ. 1957ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರನ್ನು ನಮ್ಮ ಊರುಗಳಲ್ಲಿ ಕಾಣದವರಿಲ್ಲ. ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನು ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ‘ಬಿ’ ಶ್ರೇಣಿಗೆ ಸೇರಿದುದು. 1955ರ ಎಂ.ಜಿ.ಎ. ಕ್ರೀಡಾಕಾರಿನಲ್ಲಿದ್ದುದೂ ಅದೇ ಗಾತ್ರದ ಅದೇ ಕುಲದ ಎಂಜಿನು. 1962ರಲ್ಲಿ ಬಂದ ಎಂ.ಜಿ.ಬಿ.ಯಲ್ಲಿ ಅದು 1798 ಘನ ಸೆಂಟಿಮೀಟರಿಗೆ ಬೆಳೆಯಿತು. 1967ರಲ್ಲಿ ಹೆಚ್ಚುಕಡಿಮೆ ಅದೇ ಒಡಲಿಗೆ 2912 ಘನ ಸೆಂಟಿಮೀಟರಿನ ಆರು ಸಿಲಿಂಡರಿನ ಎಂಜಿನನ್ನು ಕೂರಿಸಿ ಎಂ.ಜಿ.ಸಿ. ಎಂಬ ಕಾರನ್ನು ಹೊರತಂದರು. ಒಂದೇ ಒಡಲು, ಎರಡು ಬಗೆಯ ಎಂಜಿನು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಮೊದಲು ನಡುಕದ ಕಾರಣವನ್ನು ನೋಡೋಣ. ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿ ಹಿಂದಿರುಗುವಾಗ ಅದರ ಜಡತ್ವವು ಎಂಜಿನನ್ನು ಮೇಲಕ್ಕೆ ಎಳೆಯುತ್ತದೆ. ಕೆಳತುದಿಯಲ್ಲಿ ಹಿಂದಿರುಗುವಾಗ ಕೆಳಕ್ಕೆ ಎಳೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಎರಡು ಪಿಸ್ಟನ್ನುಗಳು ಮೇಲಿದ್ದಾಗ ಉಳಿದೆರಡು ಕೆಳಗಿರುತ್ತವೆ. ಹಾಗಾದರೆ ಎರಡು ಎಳೆತಗಳೂ ಸರಿಸಮವಾಗಿ ಅಳಿದುಹೋಗಬೇಕಲ್ಲವೆ? ಹೋಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು ತಿರುಗುವಾಗ ಓರೆಯಾಗುವುದರಿಂದ, ಪಿಸ್ಟನ್ನಿನ ಚಲನೆ ಮೇಲಿನ ಅರ್ಧದಲ್ಲಿ ಚುರುಕಾಗಿಯೂ ಕೆಳಗಿನ ಅರ್ಧದಲ್ಲಿ ನಿಧಾನವಾಗಿಯೂ ಇರುತ್ತದೆ.

ರಾಡಿನ ಉದ್ದವು ಕ್ರ್ಯಾಂಕಿನ ತ್ರಿಜ್ಯದ ನಾಲ್ಕರಷ್ಟಿದೆಯೆಂದು ಇಟ್ಟುಕೊಳ್ಳೋಣ. ಆಗ ಮೇಲುತುದಿಯ ಪ್ರತಿ ಪಿಸ್ಟನ್ನಿನ ಎಳೆತ 1.25 ಪಾಲು, ಕೆಳತುದಿಯದು 0.75 ಪಾಲು. ಎರಡೆರಡು ಪಿಸ್ಟನ್ನುಗಳನ್ನು ಕೂಡಿಸಿದರೆ ಮೇಲಕ್ಕೆ 2.5, ಕೆಳಕ್ಕೆ 1.5, ಉಳಿಯುವುದು ಮೇಲ್ಮುಖವಾದ 1 ಪಾಲು. ಕ್ರ್ಯಾಂಕು ಕಾಲು ಸುತ್ತು ತಿರುಗಿದಾಗ ಅಷ್ಟೇ ಬಲ ಕೆಳಮುಖವಾಗುತ್ತದೆ. ಹೀಗೆ ಒಂದು ಸುತ್ತಿಗೆ ಎರಡು ಸಲ ಎಂಜಿನು ಮೇಲೆ ಕೆಳಗೆ ಅದುರುತ್ತದೆ.

ಈ ಒಂದು ಪಾಲು ಎಷ್ಟೆಂಬುದನ್ನೂ ಲೆಕ್ಕಹಾಕಬಹುದು. ಎಂ.ಜಿ.ಬಿ.ಯಲ್ಲಿ ಪಿಸ್ಟನ್ನಿನ ಓಟ 88.9 ಮಿಲಿಮೀಟರು, ಆದುದರಿಂದ ಕ್ರ್ಯಾಂಕಿನ ತ್ರಿಜ್ಯ ಅದರ ಅರ್ಧ. ಪಿಸ್ಟನ್ನೂ ಅದರೊಡನೆ ಆಡುವ ಭಾಗಗಳೂ ಸೇರಿ ಅರ್ಧ ಕಿಲೋಗ್ರಾಮಿದ್ದರೆ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಆ ಬಲ ಸುಮಾರು 220 ಕಿಲೋಗ್ರಾಮಿನ ಭಾರಕ್ಕೆ ಸಮ. ಅದೂ ಸೆಕೆಂಡಿಗೆ 100 ಸಲ! ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ, ಎಂದರೆ ಸುಮಾರು 55 ಕಿಲೋಗ್ರಾಮಿಗೆ ಇಳಿಯುತ್ತದೆ. ಎಂಜಿನಿನ ಅಡಿಯಲ್ಲಿ ರಬ್ಬರಿನ ಮೆತ್ತೆಗಳನ್ನು ಇಡುವುದು ಇದಕ್ಕಾಗಿಯೇ.

ಇನ್ನು ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿಟ್ಟ ಎಂಜಿನನ್ನು ನೋಡೋಣ. ಇಲ್ಲಿ ಪಿಸ್ಟನ್ನುಗಳ ಮೂರು ಜೋಡಿಗಳು 120 ಡಿಗ್ರಿಗಳ ಅಂತರದಲ್ಲಿವೆ. ಒಂದು ಜೋಡಿ ಮೇಲುತುದಿಯಲ್ಲಿದ್ದಾಗ ಅದರ ಎಳೆತ ಮೇಲಕ್ಕೆ 2.5 ಪಾಲು. ಉಳಿದ ನಾಲ್ಕು ಪಿಸ್ಟನ್ನುಗಳಲ್ಲಿ ಪ್ರತಿಯೊಂದರದು ಕೆಳಕ್ಕೆ 0.625 ಪಾಲು, ಒಟ್ಟು 2.5. ಶೇಷ ಸೊನ್ನೆ! ಕ್ರ್ಯಾಂಕು ಬೇರಾವ ಕೋನದಲ್ಲಿದ್ದರೂ ಹೀಗೆಯೇ ಆಗುತ್ತದೆ. ಅಲ್ಲದೆ ಇಲ್ಲಿ ಸುತ್ತಿಗೆ ಮೂರು ಸ್ಫೋಟಗಳು. ಒಂದರ ನೂಕು ಮುಗಿಯುವ ಮೊದಲೇ ಇನ್ನೊಂದು ಆರಂಭವಾಗುತ್ತದೆ. ನಾಲ್ಕರಲ್ಲಿ ಸುತ್ತಿಗೆ ಎರಡೇ ಸ್ಫೋಟಗಳಾದುದರಿಂದ ನಡುನಡುವೆ ನೂಕು ಬಿಟ್ಟುಹೋಗುತ್ತದೆ.

ಹಾಗಾದರೆ ಆರೇ ಶ್ರೇಷ್ಠವೆಂದು ತೀರ್ಮಾನಿಸಬಹುದೆ? ಅವಸರ ಬೇಡ. ನಯವಾದ ಓಟಕ್ಕೆ ತೆರಬೇಕಾದ ಬೆಲೆಯುಂಟು. ಎಂ.ಜಿ.ಬಿ.ಯ ಶಕ್ತಿ ಸುಮಾರು 95 ಅಶ್ವಬಲ, ಎಂ.ಜಿ.ಸಿ.ಯದು 145. ಆದರೆ ಆರರ ಎಂಜಿನು ಸುಮಾರು 95 ಕಿಲೋಗ್ರಾಮು ಹೆಚ್ಚು ಭಾರವಾದುದು, ಉದ್ದವಾದುದು. ಅದನ್ನು ಹಿಡಿಸಲು ಬಾನೆಟ್ಟನ್ನು ಉಬ್ಬಿಸಬೇಕಾಯಿತು. ಮುಂಚಕ್ರಗಳ ಆಧಾರವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಮೂಗು ಭಾರವಾದ ಕಾರು ತಿರುವಿನಲ್ಲಿ ನೇರವಾಗಿ ಮುಂದೆ ಸಾಗಲು ಹವಣಿಸುತ್ತದೆಯೇ ಹೊರತು ಸುಲಭವಾಗಿ ಹೊರಳುವುದಿಲ್ಲ. ಎಂ.ಜಿ.ಸಿ.ಯನ್ನು ಪರೀಕ್ಷಿಸಿದ ಪತ್ರಿಕೆಗಳು ಆಕ್ಷೇಪಿಸಿದ್ದು ಇದನ್ನೇ. 1969ರಲ್ಲಿ ಅದರ ತಯಾರಿಕೆ ನಿಂತಿತು, ಎಂ.ಜಿ.ಬಿ. 1980ರವರೆಗೂ ಬಾಳಿತು.

ದುರಸ್ತಿನ ಮಾತೂ ಇದೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಲೇತುಗಳು ದೇಶದ ನಾನಾ ಕಡೆ ಹೋದುವು. ಲೇತಿನ ಮುಂದೆ ನಿಂತು ಕೆಲಸ ಬಲ್ಲವನಿಗೆ, ನೀಳವಾದ ದಂಡವನ್ನು ಬಾಗದಂತೆ ಕಡೆಯುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಆರು ಸಿಲಿಂಡರಿನ ಕ್ರ್ಯಾಂಕ್ ಷಾಫ್ಟು ಅಂತಹ ನೀಳದಂಡ. ಓಡುವಾಗ ಅದು ತಿರುಚಿಕೊಂಡು ಕಂಪಿಸುತ್ತದೆ. ಕಂಪನವನ್ನು ಹೀರಲು ತುದಿಯಲ್ಲೊಂದು ಶಾಮಕಚಕ್ರ ಬೇಕು. ಪಿಸ್ಟನ್ನುಗಳು ನಾಲ್ಕಲ್ಲ, ಆರು. ಕವಾಟಗಳು ಎಂಟಲ್ಲ, ಹನ್ನೆರಡು. ಬೋರಿಂಗು, ಗ್ರೈಂಡಿಂಗು, ಹೊಸ ರಿಂಗು, ಎಲ್ಲಕ್ಕೂ ಒಂದೂವರೆಪಟ್ಟು ಲೆಕ್ಕ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ನೇರವಾದ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವನಿಗೆ, ಕೈಯಲ್ಲಿ ಹಣವೂ ಇದ್ದರೆ, ಆರು ಸಿಲಿಂಡರು ಒಪ್ಪುತ್ತದೆ. ಘಟ್ಟದ ತಿರುವುಗಳಲ್ಲಿ ಕಾರಿನ ಚುರುಕನ್ನು ಸವಿಯುವವನಿಗೆ, ತನ್ನ ಕೈಯಿಂದಲೇ ದುರಸ್ತು ಕಲಿಯಬಯಸುವ ವಿದ್ಯಾರ್ಥಿಗೆ, ನಾಲ್ಕೇ ಲೇಸು. ಆದರೆ ನಾಲ್ಕಕ್ಕೆಂದು ಕಟ್ಟಿದ ಒಡಲಿಗೆ ಆರನ್ನು ತುರುಕುವ ಸಾಹಸ ಬೇಡ. ಬ್ರೇಕು, ಸ್ಪ್ರಿಂಗು, ತೂಕದ ಹಂಚಿಕೆ ಇವೆಲ್ಲವೂ ಮೊದಲಿನ ಎಂಜಿನಿಗೆ ಹೊಂದಿಸಿದುವು. ಅವನ್ನು ಕಡೆಗಣಿಸಿದರೆ ಅಪಾಯ ಕಾಯುವುದು ಮೊದಲ ತಿರುವಿನಲ್ಲಿಯೇ. ಸಿಲಿಂಡರುಗಳ ಸಂಖ್ಯೆಯನ್ನು ಎಣಿಸುವುದು ಸುಲಭ. ಇಡೀ ವಾಹನವನ್ನು ತೂಗಿ ನೋಡುವುದೇ ನಿಜವಾದ ಎಂಜಿನಿಯರಿಂಗು.