ಪುಟ್ಟಿ ತುಂಬ ಒಣ ಸಿಗಡಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹುಟ್ಟಿ ಬೆಳೆದ ನಮಗೆ ಕಡಲು ಎಂದರೆ ಗೋಕರ್ಣಕ್ಕೆ ಹೋದಾಗ ಒಮ್ಮೆ ಕಂಡದ್ದು, ಅಷ್ಟೇ. ಆದರೂ ಆ ಕಡಲಿನ ಒಂದು ಜೀವ ಪುಟ್ಟಿಯಲ್ಲಿ ಕುಳಿತು ನಮ್ಮ ಸಂತೆಗೇ ಬರುತ್ತದಲ್ಲ! ಅದೇ ಒಣ ಸಿಗಡಿ. ಹೋದ ತಿಂಗಳು ಸಂತೆಯಲ್ಲಿ ಅಳೆದು ಕೊಡುತ್ತಿದ್ದ ಅಜ್ಜಿಯನ್ನು, "ಯವ್ವಾ, ಇವು ಮರಿ ಏನು? ಇಷ್ಟು ಸಣ್ಣಾವು ಯಾಕ ಹಿಡೀತಾರ?" ಎಂದು ಕೇಳಿದೆ. "ಮರಿ ಅಲ್ಲ ತಂಗಿ, ಇದರ ಜಾತೀನ ಇಷ್ಟು" ಅಂದಳು.

ಅಜ್ಜಿಯ ಮಾತು ಮುಕ್ಕಾಲುಪಾಲು ನಿಜ. ಮಹಾರಾಷ್ಟ್ರದ ಕರಾವಳಿಯವರು ಜವಳಾ ಎಂದು ಕರೆಯುವ ಈ ಸಿಗಡಿ ಪೂರ್ತಿ ಬೆಳೆದರೂ ಒಂದೂವರೆ ಇಂಚು ದಾಟುವುದು ಅಪರೂಪ. ವಿಜ್ಞಾನಿಗಳು ಇದಕ್ಕೆ 1830ರಲ್ಲೇ ಅಸೀಟಿಸ್ ಇಂಡಿಕಸ್ ಎಂದು ಹೆಸರಿಟ್ಟರು. ಜೀವಂತ ಇದ್ದಾಗ ಗಾಜಿನಂತೆ ಪಾರದರ್ಶಕ, ಬಾಲದ ಬಳಿ ಕೆಂಪು ಚುಕ್ಕೆ. ಗಂಡಿಗಿಂತ ಹೆಣ್ಣೇ ದೊಡ್ಡದು! ಬೇರೆ ಎಷ್ಟೋ ಸಿಗಡಿಗಳಂತೆ ಇದು ಮೊಟ್ಟೆಯನ್ನು ಹೊಟ್ಟೆಯಡಿ ಹೊತ್ತು ತಿರುಗುವುದಿಲ್ಲ, ನೀರಿಗೇ ಬಿಟ್ಟುಬಿಡುತ್ತದೆ. ಆಯುಸ್ಸು ಹೆಚ್ಚೆಂದರೆ ವರ್ಷದ ಆಸುಪಾಸು.

ಇಷ್ಟು ಸಣ್ಣ ಜೀವಕ್ಕೆ ಕಡಲಲ್ಲಿ ಏನು ಕೆಲಸ? ಕಣ್ಣಿಗೆ ಕಾಣದ ಪಾಚಿ, ಕೊಳೆತ ಚೂರು, ತನಗಿಂತ ಸಣ್ಣ ಜೀವಿ, ಎಲ್ಲವನ್ನೂ ತಿಂದು ಮೈಗೂಡಿಸಿಕೊಳ್ಳುತ್ತದೆ. ಬೊಂಬಿಲ್ ಮೀನು, ರಿಬ್ಬನ್ನಿನಂಥ ಉದ್ದನೆಯ ಬೆಳ್ಳಿ ಮೀನು ಇದನ್ನು ತಿಂದು ಕೊಬ್ಬುತ್ತವೆ. ಹೊಲದಲ್ಲಿ ಹುಲ್ಲಿಗೂ ಹಾಲಿಗೂ ನಡುವೆ ಎಮ್ಮೆ ಇದ್ದ ಹಾಗೆ ಅನ್ನಿ. ಹಗಲು ತಳದ ಹತ್ತಿರ ಇದ್ದು, ರಾತ್ರಿ ಮೇಲೆ ಏರುವುದು ಇವುಗಳ ರೂಢಿ.

ಗುಜರಾತ್, ಮಹಾರಾಷ್ಟ್ರದ ತೀರದಲ್ಲಿ ಇದನ್ನು ಹಿಡಿಯಲು ಚೀಲದಂಥ ಬಲೆ ಕಟ್ಟುತ್ತಾರೆ. ಭರತ ಇಳಿತದ ನೀರು ತಾನೇ ಸಿಗಡಿಯನ್ನು ಒಳಗೆ ತಳ್ಳುತ್ತದೆ. ತುದಿಯ ಕಣ್ಣು ಬಹಳ ಸಣ್ಣದು, ಇಲ್ಲವಾದರೆ ಜವಳಾ ನಿಲ್ಲದು. ತೊಂದರೆ ಇರುವುದೇ ಅಲ್ಲಿ. ದೊಡ್ಡ ಸಿಗಡಿಯ ಮರಿ, ಮೀನಿನ ಮರಿ ಎಲ್ಲವೂ ಅದರಲ್ಲೇ ಸಿಕ್ಕಿಬೀಳುತ್ತವೆ. ಅಜ್ಜಿಯ ಮಾತಿನ ಉಳಿದ ಕಾಲುಪಾಲು ಇದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇದೆ. ಆದರೆ ಉಳಿದ ತಿಂಗಳು ಮರಿಯನ್ನು ಉಳಿಸುವುದು ಬಲೆಯ ಕಣ್ಣೇ. ಬಡವರ ರೊಟ್ಟಿಗೆ ಜೊತೆಯಾಗುವ ಈ ಸಿಗಡಿ ಬರಬರುತ್ತ ಕೋಳಿಯ ಆಹಾರಕ್ಕೂ ಹೋಗುತ್ತಿರುವುದು ನನಗಂತೂ ಸರಿ ಕಾಣದು. ಅಂದಹಾಗೆ, ಕೊರಿಯಾದವರು ಇದರ ಸೋದರ ಜಾತಿಗೆ ಉಪ್ಪು ಹಾಕಿ ಕಳಿಸಿಟ್ಟು, ತಮ್ಮ ಕಿಮ್ಚಿ ಉಪ್ಪಿನಕಾಯಿಗೆ ಸೇರಿಸುತ್ತಾರಂತೆ!

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ನಾದಿನಿಯ ಮಗ ಒಂದು ಚಮಚ ಸಿಗಡಿ ಚಟ್ನಿ ತಿಂದ, ಅರ್ಧ ಗಂಟೆಯಲ್ಲಿ ತುಟಿ ಊದಿತು. "ಚಲೋ ಹುರದಿದ್ದೆ ವೈನಿ" ಎಂದು ಆಕೆ ಅಳುತ್ತಿದ್ದಳು. ಹುರಿದರೂ ಕುದಿಸಿದರೂ ಅಲರ್ಜಿಯ ಗುಣ ಹೋಗುವುದಿಲ್ಲ. ತುಟಿ ಊದಿ ಉಸಿರು ಕಟ್ಟಿದರೆ ಮನೆಮದ್ದು ನೋಡುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಒಮ್ಮೆ ಹೀಗಾದವರಿಗೆ ಮತ್ತೆ ರುಚಿ ನೋಡಲೂ ಕೊಡಬೇಡಿ.

ಒಗ್ಗುವವರು ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ನೋಡಿ. ಗರಿಗರಿ ಇರಬೇಕು. ಕೈಗೆ ಅಂಟಿದರೆ, ಬೂಷ್ಟಿನ ವಾಸನೆ ಬಂದರೆ ಬೇಡ. ಮರದಲ್ಲಿ ಕೇರಿ ಉಸುಕು ತೆಗೆದು, ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಬೆಳ್ಳುಳ್ಳಿ, ಒಣಕೊಬ್ಬರಿ, ಕೆಂಪು ಖಾರ, ಚೂರು ಹುಣಸೆಹಣ್ಣು ಕೂಡಿಸಿ ಕುಟ್ಟಿ. ಉಪ್ಪನ್ನು ಮಾತ್ರ ರುಚಿ ನೋಡಿ ಕೊನೆಗೆ ಹಾಕಿ, ಒಣಗಿಸುವಾಗಲೇ ಕೆಲವರು ಉಪ್ಪು ಹಾಕಿರುತ್ತಾರೆ.