ಹುಲ್ಲಿನ ಅಂಕಣದ ಕಟ್ಟಳೆಗಳು

ಚೆಂಡನ್ನು ಬಲೆಯ ಆಚೆಗೆ ಹೊಡೆಯುವ ಹುಮ್ಮಸ್ಸು ಚಿಕ್ಕ ಮಕ್ಕಳಿಗೂ ಉಂಟು. ಅದನ್ನು ನೆಲಕ್ಕೆ ಬೀಳಗೊಡದೆ, ಕೈಯಲ್ಲಿ ಹಿಡಿದು ನಿಲ್ಲಿಸದೆ, ಮೂರು ಸಲದೊಳಗೆ ದಾಟಿಸಬೇಕೆಂದು ಎರಡು ಪಂಗಡದವರೂ ಒಪ್ಪಿಕೊಂಡಾಗ ಮಾತ್ರ ಅದು ವಾಲಿಬಾಲ್ ಎನಿಸಿಕೊಳ್ಳುತ್ತದೆ. ಆಟವೆಂಬುದು ಮೂಲತಃ ಒಂದು ಒಪ್ಪಂದ. ಈ ಮಾತು ದೊಡ್ಡ ಕ್ರೀಡಾಂಗಣದಲ್ಲಿ ಮರೆತುಹೋಗಬಹುದು. ಹುಲ್ಲಿನ ಬಯಲಿನಲ್ಲಿ ಮರೆತರೆ ಆಟವೇ ನಡೆಯಲಾರದು.

ಈ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ರೂಪಿಸಿದವರು ವಿಲಿಯಂ ಮಾರ್ಗನ್. ಬ್ಯಾಸ್ಕೆಟ್‌ಬಾಲಿನ ಓಟ, ನೂಕಾಟಗಳನ್ನು ತಾಳಲಾರದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಮೈಗೆ ಹಿತವಾದ ವಿನೋದವೊಂದು ಬೇಕಾಗಿತ್ತು. ಮಾರ್ಗನ್ನರ ಬಲೆಯ ಎತ್ತರ ಆರೂವರೆ ಅಡಿ; ಪಂಗಡದಲ್ಲಿ ಎಷ್ಟು ಮಂದಿಯಾದರೂ ನಿಲ್ಲಬಹುದಿತ್ತು. ಮುಂದೆ 1947ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. 1964ರಲ್ಲಿ ಒಲಿಂಪಿಕ್ ಕೂಟದಲ್ಲಿ ಸ್ಥಾನ ದೊರೆಯಿತು. ನಿಯಮಗಳು ಬೆಳೆದು ಪುಸ್ತಕವಾದವು. ಹುಟ್ಟಿನಲ್ಲಿ ಮಾತ್ರ ಇದು ವಿನೋದದ ಆಟವೇ ಆಗಿತ್ತು.

ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೊಯ್ಲು ಮುಗಿದ ಮೇಲೆ ಶಾಲೆಯ ಬಯಲಿನಲ್ಲೋ ಗದ್ದೆಯಲ್ಲೋ ಬಲೆ ಕಟ್ಟಿ ಯುವಕ ಮಂಡಲಗಳು ನಡೆಸುವ ಪಂದ್ಯಾವಳಿಗಳನ್ನು ನೀವು ಕಂಡಿರಬಹುದು. ಅಂಥವುಗಳ ಏರ್ಪಾಟಿನಲ್ಲಿ ಕೆಲವು ವರ್ಷ ಕೈಜೋಡಿಸಿದವನು ನಾನು. ಪುಸ್ತಕದ ನಿಯಮಗಳಿಗೆ ಇಬ್ಬರು ತೀರ್ಪುಗಾರರು, ಗೆರೆ ನೋಡುವವರು, ಅಂಕ ಬರೆಯುವವರು ಬೇಕು. ಬಯಲಿನಲ್ಲಿ ಸೀಟಿ ಹಿಡಿಯುವವನು ಊರಿನ ಮೇಷ್ಟರು, ಇಲ್ಲವೆ ಆಗಷ್ಟೇ ಸೋತ ತಂಡದವನೊಬ್ಬ. ಆದ್ದರಿಂದ ನಾನು ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ: ಆಟಗಾರನೇ ಕಂಡು ಹೇಳಬಲ್ಲ ನಿಯಮಗಳನ್ನು ಬಿಗಿಯಾಗಿ ಇರಿಸಿಕೊಳ್ಳಬೇಕು, ನುರಿತ ಕಣ್ಣಿಗೆ ಮಾತ್ರ ಕಾಣುವಂಥವನ್ನು ಸಡಿಲಿಸಬೇಕು.

ಮೊದಲು ಅಂಕಣದ ಮಾತು. ಉದ್ದ 18 ಮೀಟರ್, ಅಗಲ 9 ಮೀಟರ್. ಉದ್ದವು ಉತ್ತರ ದಕ್ಷಿಣವಾಗಿರಲಿ. ಬೆಳಗಿನ, ಸಂಜೆಯ ಬಿಸಿಲು ಆಗ ಯಾರ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ. ಬಲೆಯ ಎತ್ತರವನ್ನು ನಡುವಿನಲ್ಲಿ ಅಳೆಯಬೇಕು: ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಗೆರೆಗೆ ಸುಣ್ಣದ ಪುಡಿ ಬೇಡ. ಬೆವರಿದ ಮುಖಕ್ಕೆ, ಕಣ್ಣಿಗೆ ತಗುಲಿದರೆ ಅದು ಸುಡುತ್ತದೆ. ರಂಗೋಲಿ ಪುಡಿ ಮೇಲು. ಅದಕ್ಕಿಂತಲೂ ಮೇಲಾದದ್ದು 5 ಸೆಂಟಿಮೀಟರ್ ಅಗಲದ ಪಟ್ಟಿ. ಚೆಂಡು ಬಿದ್ದಾಗ ಪಟ್ಟಿ ಅದುರುವುದನ್ನು ಎರಡು ಕಡೆಯವರೂ ನೋಡುತ್ತಾರೆ. ಗೆರೆಯ ಮೇಲೆ ಬಿದ್ದ ಚೆಂಡು ಒಳಗೇ ಎಂಬ ನಿಯಮಕ್ಕೆ ಆ ಅದುರಾಟವೇ ಸಾಕ್ಷಿ. ಕಂಬವನ್ನು ಎಳೆದು ಕಟ್ಟಿದ ಹಗ್ಗಕ್ಕೆ ಕೆಂಪು ಬಟ್ಟೆ ಸುತ್ತಿ, ಗೂಟಗಳನ್ನು ನೆಲಮಟ್ಟಕ್ಕೆ ಇಳಿಸಿದರೆ ಕಾಲುಗಳು ಉಳಿಯುತ್ತವೆ.

ಎರಡನೆಯದು ಅಂಕದ ಲೆಕ್ಕ. ಹಿಂದೆ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. 15 ಅಂಕಗಳ ಆಟವೊಂದು ಅರ್ಧ ಗಂಟೆಗೆ ಮುಗಿಯುವುದೋ ಒಂದು ಗಂಟೆಗೋ ಯಾರೂ ಹೇಳಬಲ್ಲವರಾಗಿರಲಿಲ್ಲ. 1998ರಲ್ಲಿ ಒಕ್ಕೂಟವು ಪ್ರತಿ ಸರ್ವಿಗೂ ಒಂದು ಅಂಕವೆಂಬ ಕ್ರಮವನ್ನು ಅಂಗೀಕರಿಸಿ, 25 ಅಂಕಗಳ ಆಟವನ್ನು ಗೊತ್ತುಮಾಡಿತು. ಹಗಲಿನ ಬೆಳಕನ್ನೇ ನಂಬಿದ ಬಯಲಿನವರಿಗೆ ಇದೊಂದು ವರದಾನ. ಎಂಟು ತಂಡಗಳು ಬಂದವೆನ್ನೋಣ. ಸೋತವರು ಹೊರಗೆ ಎಂಬ ಕ್ರಮದಲ್ಲಿ ಏಳೇ ಪಂದ್ಯಗಳು. ಆದರೆ ದೂರದೂರಿನಿಂದ ಲಾರಿ ಹತ್ತಿ ಬಂದ ನಾಲ್ಕು ತಂಡಗಳು ಒಂದೊಂದು ಪಂದ್ಯವಾಡಿ ಮರಳಬೇಕಾಗುತ್ತದೆ. ನಾಲ್ಕು ನಾಲ್ಕರ ಎರಡು ಗುಂಪುಗಳನ್ನು ಮಾಡಿ ಎಲ್ಲರೂ ಎಲ್ಲರೊಡನೆ ಆಡಿದರೆ ಹನ್ನೆರಡು ಪಂದ್ಯಗಳು; ಉಪಾಂತ್ಯ ಎರಡು, ಅಂತಿಮ ಒಂದು, ಒಟ್ಟು ಹದಿನೈದು. ಒಂದೊಂದೇ ಆಟದ ಪಂದ್ಯಕ್ಕೆ 25 ನಿಮಿಷದಂತೆ ಆರೂಕಾಲು ಗಂಟೆಯಲ್ಲಿ ಒಂದೇ ಅಂಕಣದಲ್ಲಿ ಎಲ್ಲವೂ ಮುಗಿಯುತ್ತದೆ. ಪ್ರತಿ ತಂಡಕ್ಕೂ ಮೂರು ಪಂದ್ಯಗಳಾದರೂ ದಕ್ಕುತ್ತವೆ. ಎರಡು ಅಂಕಗಳ ಅಂತರಕ್ಕಾಗಿ ಆಟ ಹಿಗ್ಗದಂತೆ 27ಕ್ಕೆ ಕೊನೆಯೆಂದು ಗೊತ್ತುಮಾಡಬಹುದು. ಗುಂಪಿನಲ್ಲಿ ಗೆಲುವುಗಳು ಸಮವಾದರೆ ಮುಂದಿನ ಸುತ್ತಿಗೆ ಹೋಗುವವರಾರು ಎಂಬುದನ್ನು ಮೊದಲ ಸರ್ವಿಗೆ ಮುನ್ನವೇ ಸಾರಬೇಕು. ಆಮೇಲೆ ಹೇಳಿದ ಕಟ್ಟಳೆಯಲ್ಲಿ ಪಕ್ಷಪಾತವಿಲ್ಲದಿದ್ದರೂ ಪಕ್ಷಪಾತವೇ ಕಾಣುತ್ತದೆ.

ಗಾಳಿ, ಬಿಸಿಲುಗಳು ಎರಡು ಕಡೆಗೂ ಸಮವಾಗಿರುವುದಿಲ್ಲ. ಕಡಲತೀರದ ಮರಳಿನ ವಾಲಿಬಾಲಿನಲ್ಲಿ ಇದಕ್ಕೆ ಸೊಗಸಾದ ಪರಿಹಾರವುಂಟು: ಎರಡು ತಂಡಗಳ ಅಂಕಗಳ ಮೊತ್ತ ಏಳು, ಹದಿನಾಲ್ಕು, ಇಪ್ಪತ್ತೊಂದು ಆದಾಗಲೆಲ್ಲ ಕಡೆ ಬದಲಾಯಿಸುವುದು. ಹುಲ್ಲಿನ ಮೇಲೂ ಇದು ತಕ್ಕುದು. ಮರದ ಕೊಂಬೆ, ವಿದ್ಯುತ್ ತಂತಿ ಅಡ್ಡ ಬಂದರೆ ಆ ಅಂಕವನ್ನು ಮತ್ತೆ ಆಡುವುದೆಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮುಟ್ಟುವಿಕೆಯ ವಿಚಾರ. ಆರು ಮಂದಿಯ ಆಟದಲ್ಲಿ ಬ್ಲಾಕ್ ಮಾಡುವಾಗ ತಾಗಿದ ಚೆಂಡು ಮೂರರ ಲೆಕ್ಕಕ್ಕೆ ಸೇರುವುದಿಲ್ಲ. ಇಬ್ಬರ ಮರಳಿನ ಆಟದಲ್ಲಿ ಸೇರುತ್ತದೆ. ಎರಡೂ ಸರಿಯೇ, ಯಾವುದು ಇಲ್ಲಿನದೆಂದು ಹೇಳದಿರುವುದಷ್ಟೇ ತಪ್ಪು. ಬೆರಳುಗಳಿಂದ ಚೆಂಡನ್ನು ಮೇಲಕ್ಕೆ ಎತ್ತಿಕೊಡುವಾಗ ಎರಡು ಕೈಗಳಿಗೂ ಅದು ಒಟ್ಟಿಗೇ ತಾಗಿತೇ, ಒಂದರ ಹಿಂದೆ ಒಂದು ತಾಗಿತೇ ಎಂಬುದು ಅನುಭವಿಗಳನ್ನೂ ತಬ್ಬಿಬ್ಬುಗೊಳಿಸುತ್ತದೆ. ಬಯಲಿನಲ್ಲಿ ಅದನ್ನು ಹುಡುಕುತ್ತ ಹೋಗಬಾರದು. ಹಿಡಿದು ಎಸೆದದ್ದು ಎಲ್ಲರಿಗೂ ಕಂಡಾಗ ಮಾತ್ರ ಸೀಟಿ ಊದಬೇಕು. ಬಲೆ ತಾಗಿದ್ದು ಹಾಗಲ್ಲ. ತಾಗಿದವನ ಮೈಗೆ ಅದು ಗೊತ್ತು. ಹೊಡೆದ ಚೆಂಡು ಬೆರಳ ತುದಿಯನ್ನು ಸವರಿ ಹೊರಗೆ ಹೋದದ್ದೂ ಹಾಗೆಯೇ. ಗೆರೆಯಾಚೆ ನಿಂತ ಮೇಷ್ಟರಿಗೆ ಅದು ಕಾಣದು. ಬೆರಳಿಗೆ ಮಾತ್ರ ಗೊತ್ತು.

ಹುಲ್ಲಿನ ಅಂಕಣದ ಅತಿ ಮುಖ್ಯ ನಿಯಮ ಇಲ್ಲಿದೆ: ತಾಗಿದವನು ಕೈಯೆತ್ತಬೇಕು. ಪಂದ್ಯಾವಳಿ ಆರಂಭಿಸುವಾಗ ಇದನ್ನು ನಾಯಕರೆಲ್ಲರನ್ನೂ ಕರೆದು ಗಟ್ಟಿಯಾಗಿ ಓದಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಸರ್ವ್ ಮಾಡುವವನು ಪ್ರತಿಸಲವೂ ಅಂಕವನ್ನು ಕೂಗಿ ಹೇಳಲಿ. ತನ್ನದನ್ನು ಮೊದಲು, ಎದುರಾಳಿಯದನ್ನು ಆಮೇಲೆ. ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಬಹುದು. ಹತ್ತು ಸರ್ವುಗಳ ಬಳಿಕ ಎದ್ದ ವಿವಾದವನ್ನು ಯಾವ ತೀರ್ಪುಗಾರನೂ ಬಿಡಿಸಲಾರ. ಚೆಂಡು ಒಳಗೋ ಹೊರಗೋ ಎಂದು ಯಾರಿಗೂ ತಿಳಿಯದಿದ್ದರೆ, ತಿಳಿಯದೆಂದೇ ಒಪ್ಪಿ ಮತ್ತೆ ಆಡಲಿ.

ಇಷ್ಟು ಪ್ರಾಮಾಣಿಕತೆಯನ್ನು ಸ್ಪರ್ಧೆಯಲ್ಲಿ ನಿರೀಕ್ಷಿಸುವುದು ಭೋಳೇತನವೆಂದು ಕೆಲವರು ನಗಬಹುದು. ಗೆಲ್ಲುವ ಆಸೆ ದೊಡ್ಡದು. ಊರಿನ ಮಾನದ ಪ್ರಶ್ನೆ ಬಂದಾಗ ಅದು ಇನ್ನೂ ದೊಡ್ಡದಾಗುತ್ತದೆ. ಆದರೆ ನಾನು ನೋಡಿದಂತೆ, ಒಂದು ತಂಡದ ಒಬ್ಬ ಹಿರಿಯ ಆಟಗಾರ ಕೈಯೆತ್ತಿ ‘ನನಗೆ ತಾಗಿದೆ’ ಎಂದರೆ, ಅದರ ಪರಿಣಾಮ ಆ ಒಂದು ಅಂಕಕ್ಕೆ ನಿಲ್ಲುವುದಿಲ್ಲ. ಎದುರು ತಂಡದ ಹುಡುಗನಿಗೆ ಆಮೇಲೆ ಸುಮ್ಮನಿರುವುದು ಕಷ್ಟವಾಗುತ್ತದೆ. ಸುತ್ತ ಕುಳಿತ ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ.

ಜಗಳದಲ್ಲಿ ಮುಗಿದ ಪಂದ್ಯಾವಳಿಗೆ ಮರುವರ್ಷ ನೆರೆಯೂರಿನವರು ಬರುವುದಿಲ್ಲ. ಬರುವವರಿಲ್ಲದಿದ್ದರೆ ಬಲೆ ಕಟ್ಟುವವರೂ ಇರುವುದಿಲ್ಲ. ಬಯಲಿನ ಪಂದ್ಯಕ್ಕೆ ಕಪ್ಪಿನ ಎತ್ತರ, ಬಹುಮಾನದ ಮೊತ್ತ ಎರಡನೆಯ ಮಾತು. ಕಟ್ಟಳೆಗಳು ಒಂದು ಹಾಳೆಯಲ್ಲಿ ಹಿಡಿಸುವಷ್ಟಿರಲಿ. ಅದನ್ನು ಕಂಬಕ್ಕೆ ಅಂಟಿಸಿ, ಎಲ್ಲರೂ ಓದಿದ ಮೇಲೆ ಮೊದಲ ಸರ್ವ್ ಆಗಲಿ.