ಭದ್ರೆಯ ದಂಡೆಯ ಕಾರ್ಖಾನೆ ಬಡಾವಣೆಗಳು

ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನ್‌ಗಳನ್ನು ಪೂರ್ತಿ ನಗರ ಎನ್ನಲಾಗದು, ಹಳ್ಳಿ ಎನ್ನಲೂ ಆಗದು. ಸಾಲು ಕ್ವಾರ್ಟರ್ಸ್‌ಗಳನ್ನು ದಾಟಿ ಸ್ವಲ್ಪ ದೂರ ಹೋದರೆ ಗದ್ದೆ, ಅಡಿಕೆ ತೋಟ. ಕಬ್ಬಿಣ ಮತ್ತು ಕಾಗದದ ಎರಡು ಕಾರ್ಖಾನೆಗಳಿಗಾಗಿಯೇ ಎದ್ದ ಈ ಬಡಾವಣೆಗಳ ಭವಿಷ್ಯವನ್ನು ನಾವು ಇಂದಿಗೂ ಆ ಕಾರ್ಖಾನೆಗಳ ಲಾಭ–ನಷ್ಟದೊಳಗೇ ಇಟ್ಟು ಚರ್ಚಿಸುತ್ತಿದ್ದೇವೆ.

ಅದಿರು, ಸೌದೆ, ರೈಲು

ಬೀರೂರು–ಶಿವಮೊಗ್ಗ ರೈಲು ಮಾರ್ಗ 1899ರಲ್ಲಿ ಬಂದಾಗ ಇದು ಬೆಂಕಿಪುರವೆಂಬ ಸಣ್ಣ ಊರು. ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಈ ಜಾಗವನ್ನೇ ಆರಿಸಿದ್ದಕ್ಕೆ ಕಾರಣಗಳಿದ್ದವು: ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ, ಭದ್ರೆಯ ನೀರು, ಸರಕು ಸಾಗಿಸಲು ರೈಲು. ಕಲ್ಲಿದ್ದಲು ಗಣಿಗಳು ಬಹುದೂರ ಇದ್ದುದರಿಂದ 1923ರಲ್ಲಿ ಕೆಲಸ ಆರಂಭಿಸಿದ ಊದುಕುಲುಮೆ ಉರಿದದ್ದು ಇದ್ದಿಲಿನಿಂದ. ಸೌದೆ ತರಲು ಕಾಡಿನೊಳಗೆ ಟ್ರಾಮ್ ಹಳಿಗಳು ಬಿದ್ದವು. ಜೋಗದ ವಿದ್ಯುತ್ತಿನಿಂದ ಕುಲುಮೆಗಳು ನಡೆಯುವವರೆಗೂ ಇಲ್ಲಿನ ಕಬ್ಬಿಣಕ್ಕೆ ಬೆಲೆ ತೆತ್ತದ್ದು ಕಾಡು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಅದೇ ಕಾಡಿನ ಬಿದಿರನ್ನೂ ಅದೇ ನದಿಯನ್ನೂ ನಂಬಿತು. ಕೆಲಸ ಅರಸಿ ತಮಿಳು, ತೆಲುಗು, ಮಲಯಾಳ ಮಾತನಾಡುವ ಕುಟುಂಬಗಳು ಬಂದು ಇಲ್ಲಿಯವೇ ಆದವು. ಮನೆ, ನೀರು, ಶಾಲೆ, ಆಸ್ಪತ್ರೆ ಎಲ್ಲದಕ್ಕೂ ಕಾರ್ಖಾನೆಯೇ ಆಸರೆಯಾಯಿತು.

ಕುಸಿತದ ಎರಡು ವಿವರಣೆ

ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. 1998ರಲ್ಲಿ ಕೇಂದ್ರದ ಉಕ್ಕು ಸಂಸ್ಥೆಯೊಂದಿಗೆ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರ ದೀರ್ಘ ಹೋರಾಟದ ನಂತರ ಅದೇ ವರ್ಷ ಒಂದು ಭಾಗ ಮಾತ್ರ ಮತ್ತೆ ಚಾಲನೆಗೊಂಡಿತು. ಹಳೆಯ ಯಂತ್ರಗಳು, ಸತತ ನಷ್ಟ, ಸಾರ್ವಜನಿಕ ಹಣದ ವ್ಯಯ ಎಂಬುದು ಮುಚ್ಚಬೇಕೆನ್ನುವವರ ವಾದ. ಸ್ವಂತ ಅದಿರು ಗಣಿಯನ್ನೂ ಹೊಸ ಬಂಡವಾಳವನ್ನೂ ಕೊಡದೆ ನಷ್ಟವನ್ನಷ್ಟೇ ಎಣಿಸುವುದು ನ್ಯಾಯವಲ್ಲ ಎಂಬುದು ಕಾರ್ಮಿಕರ ಉತ್ತರ. ಎರಡರಲ್ಲೂ ಸತ್ಯವಿದೆ, ಆದರೆ ಎರಡನೆಯದಕ್ಕೆ ಸಿಗಬೇಕಾದ ಕಿವಿ ಸಿಕ್ಕಿಲ್ಲ. ಕಾಗದದ ವಿಷಯ ಇನ್ನೂ ತೊಡಕಿನದು: ಕಾರ್ಖಾನೆ ನಿಂತರೂ ಅದರ ಹೆಸರಿನ ಅಕೇಶಿಯಾ ನೆಡುತೋಪುಗಳು ಉಳಿದಿವೆ, ಆ ನೆಲದಲ್ಲಿ ಸಹಜ ಕಾಡು ಮರಳಲಿ ಎಂಬ ಮಲೆನಾಡಿಗರ ಬೇಡಿಕೆಯೂ ಗಟ್ಟಿಯಾಗಿದೆ. ಭದ್ರಾವತಿಯ ಉದ್ಯೋಗವನ್ನು ಮಲೆನಾಡಿನ ಕಾಡಿಗೆ ಎದುರಾಳಿಯಾಗಿ ನಿಲ್ಲಿಸುವುದು ಎರಡಕ್ಕೂ ಅನ್ಯಾಯ.

ಬಡಾವಣೆಯ ಹಕ್ಕು

ಕಾರ್ಖಾನೆ ಪುನಶ್ಚೇತನಗೊಂಡರೂ ಹೊಸ ಯಂತ್ರಗಳಿಗೆ ಹಿಂದಿನಷ್ಟು ಕೈಗಳು ಬೇಕಾಗುವುದಿಲ್ಲ. ಆದ್ದರಿಂದ ಕುಲುಮೆ ಮತ್ತೆ ಉರಿಯುತ್ತದೆಯೇ ಎಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಮನೆ, ನೆಲ, ಕುಡಿಯುವ ನೀರು, ಶಾಲೆಗಳ ಪ್ರಶ್ನೆಯನ್ನು ತಡೆಹಿಡಿಯುವುದು ಸರಿಯಲ್ಲ. ದಶಕಗಳಿಂದ ಅಲ್ಲಿ ಬಾಳಿದ ಕುಟುಂಬಗಳ ವಾಸದ ಹಕ್ಕನ್ನು ಕಾರ್ಖಾನೆಯ ಆಸ್ತಿ ಪಟ್ಟಿಯಿಂದ ಬೇರ್ಪಡಿಸಿ ಸರ್ಕಾರಗಳು ಮೊದಲು ತೀರ್ಮಾನಿಸಬೇಕು.